ಹಲ್ಲಜ್ಜನ ಕಪಾಟಿನ ಮೂರನೆಯ ಸಾಲು

ಆ ಮೆಟ್ಟಿಲಸಾಲಿನಲ್ಲಿ ಏಳನೆಯ ಮೆಟ್ಟಿಲು ಇಲ್ಲ.

ಅದು ಮುರಿದು ಬಿದ್ದು ಯಾವ ಕಾಲವಾಯಿತೋ. ರಿಪೇರಿ ಮಾಡಿಸಬೇಕಾದವರು ಮೇಲಿನ ಮನೆಯವರೋ ಕೆಳಗಿನ ಮನೆಯವರೋ ಎಂಬ ಜಗಳ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಗಲ್ಲಿಯವರು ಅದನ್ನು ಕಣ್ಣು ಮುಚ್ಚಿಕೊಂಡು ದಾಟುತ್ತಾರೆ. ಹೊಸಬರು ತಪ್ಪದೆ ಎಡವುತ್ತಾರೆ. ಎರಡು ಎತ್ತರದ ಗೋಡೆಗಳ ನಡುವೆ ಮಟಮಟ ಮಧ್ಯಾಹ್ನದಲ್ಲೂ ಕಾಲ ಬುಡ ಕಾಣದಂಥ ಜಾಗ ಅದು. ಅದಕ್ಕೇ ಪ್ರವಾಸಿಗಳಿಗೆ ಗಲ್ಲಿ ಸುತ್ತಿಸುವ ಗೈಡಕ್ಕ ಹದಿನಾಲ್ಕು ವರ್ಷಗಳಿಂದ, ಐದನೆಯ ಮೆಟ್ಟಿಲಿಗೆ ಬಂದ ಕೂಡಲೇ ಹಿಂದಕ್ಕೆ ತಿರುಗಿ, "ನಿಲ್ಲಿ, ನನ್ನ ಕೈ ಹಿಡ್ಕೊಳ್ಳಿ," ಎನ್ನುತ್ತಾಳೆ.

ಇವತ್ತು ಅವಳು ಏನೂ ಅನ್ನಲಿಲ್ಲ. ತಾನು ದಾಟಿ, ಕೆಳಗೆ ಹೋಗಿ, ಬೆನ್ನು ತಿರುಗಿಸಿ ನಿಂತು ಕಿವಿಗೊಟ್ಟಳು.

ನಾಲ್ಕು. ಐದು. ಆರು. ಹೊಸ ಬೂಟಿನ ಸದ್ದು. ಆಮೇಲೆ ಒಂದು ಉದ್ದನೆಯ ಹೆಜ್ಜೆ, ಅದರ ಹಿಂದೆಯೇ ಎಂಟು, ಒಂಬತ್ತು, ಹತ್ತು. ತಡವರಿಕೆ ಇಲ್ಲ, ಗೋಡೆ ಹಿಡಿದ ಸದ್ದಿಲ್ಲ. ಬೂಟಿನವನು ಸಲೀಸಾಗಿ ಅವಳ ಪಕ್ಕಕ್ಕೆ ಬಂದು ನಿಂತ.

ಅವನ ಹಿಂದೆ ಇಳಿಯುತ್ತಿದ್ದ ದಫೇದಾರರು ಮಾತ್ರ ಏಳನೆಯದರಲ್ಲಿ ದಡಕ್ಕನೆ ಮುಗ್ಗರಿಸಿ, ಗೋಡೆಗೆ ಭುಜ ಕೊಟ್ಟು, "ಅಯ್ಯಪ್ಪಾ, ಯಾವನಮ್ಮಾ ಇದನ್ನ ಕಟ್ಟಿದ್ದು," ಎಂದರು.

"ನೋಡ್ಕೊಂಡು ಮಾವ," ಎಂದಳು ಗೈಡಕ್ಕ.

ಒಂಬತ್ತು ದಿನದ ಹಿಂದೆ ಇದೇ ದಾರಿಯಲ್ಲಿ ಅವಳೊಡನೆ ಗಲ್ಲಿ ನೋಡಲು ಬಂದ ಟೋಪಿ ಯಜಮಾನರು ನಡಿಗೆ ಮುಗಿಯುವ ಮುಂಚೆಯೇ ಮಾಯವಾಗಿ, ಮರುದಿನ ಬಟ್ಟೆಗೆ ಬಣ್ಣ ಹಾಕುವವರ ತೊಟ್ಟಿಯಲ್ಲಿ ಹೆಣವಾಗಿ ಸಿಕ್ಕಿದ್ದರು. ಅವರ ಕೈಗಡಿಯಾರ ಸಿಕ್ಕಿದ್ದು ಗೈಡಕ್ಕನ ತಮ್ಮನ ದಿಂಬಿನ ಕೆಳಗೆ. ತಮ್ಮ ನಿನ್ನೆ ರಾತ್ರಿಯಿಂದ ಠಾಣೆಯಲ್ಲಿದ್ದಾನೆ. ಸಂಜೆ ಐದಕ್ಕೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಂದ ಜೈಲು. ಜೈಲಿಗೆ ಹೋದ ಗಲ್ಲಿಯ ಹುಡುಗರು ಎಷ್ಟು ವರ್ಷಕ್ಕೆ ಹೊರಗೆ ಬರುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಈಗ ಗಂಟೆ ಮೂರೂ ಮುಕ್ಕಾಲು.

ಬೂಟಿನವನು ಸತ್ತ ಯಜಮಾನರ ಮಗ. ಮೂರನೆಯ ದಿನ ಬಂದು, ಹೆಣ ಗುರುತಿಸಿ, ಠಾಣೆಯ ಬೆಂಚಿನ ಮೇಲೆ ಕೂತು ಗೋಳೋ ಎಂದು ಅತ್ತಿದ್ದ. ಗಲ್ಲಿಯ ಹೆಂಗಸರು ಅವನಿಗೆ ಅವತ್ತೇ 'ಮಗರಾಯ' ಎಂದು ಹೆಸರಿಟ್ಟಿದ್ದರು. ಮೊದಲು ಕನಿಕರದಿಂದ, ಆಮೇಲೆ ಅವನ ಬೂಟು ನೋಡಿ. "ಅಪ್ಪ ಕೊನೇ ಸಲ ನಡೆದ ದಾರೀಲಿ ಒಂದು ಸಲ ನಡೀಬೇಕು," ಎಂದು ಅವನೇ ಇನ್‌ಸ್ಪೆಕ್ಟರ್ ಸಾಹೇಬರನ್ನು ಕೇಳಿಕೊಂಡಿದ್ದ. ಸಾಹೇಬರು ದಫೇದಾರರನ್ನು ಜೊತೆಗೆ ಕಳಿಸಿದ್ದರು.

"ಈ ಊರಿಗೆ ಮೊದಲು ಯಾವಾಗಾದ್ರೂ ಬಂದಿದ್ರಾ?" ಗೈಡಕ್ಕ ಕೇಳಿದಳು. ಪ್ರವಾಸಿಗಳನ್ನು ಕೇಳುವ ಅದೇ ದನಿಯಲ್ಲಿ ಕೇಳಿದಳು.

"ಇಲ್ಲ ಮೇಡಂ. ಇದೇ ಮೊದಲು. ಅಪ್ಪನ ಹೆಣ ನೋಡೋಕೆ ಬರಬೇಕಾಯ್ತು." ತುಟಿ ಅಲ್ಲಾಡಿತೋ ಇಲ್ಲವೋ ಎಂಬಂತೆ ಮಾತಾಡುವವನು. "ಪೊಲೀಸರಿಗೂ ಹೇಳಿದ್ದೀನಿ."

"ಹೌದು, ಹೇಳಿದ್ದಾರೆ," ಎಂದರು ದಫೇದಾರರು ಭುಜ ಉಜ್ಜಿಕೊಳ್ಳುತ್ತ. "ಬರೆದು ರುಜುನೂ ಹಾಕಿದ್ದಾರೆ."

ಮಗರಾಯ ನಾಲ್ಕು ಹೆಜ್ಜೆ ಮುಂದೆ ಹೋಗುವುದನ್ನು ಕಾದು, ಗೈಡಕ್ಕ ದಫೇದಾರರ ತೋಳು ಹಿಡಿದಳು. ಅವಳ ತಂದೆಯ ಸ್ನೇಹಿತರು ಅವರು. ಚಿಕ್ಕಂದಿನಲ್ಲಿ ಇವಳನ್ನು ಎತ್ತಿ ಆಡಿಸಿದ್ದರಂತೆ. ಆದರೆ ಮನೆಗೆ ಬರುತ್ತಿದ್ದುದು ಯಾವಾಗಲೂ ದೊಡ್ಡ ರಸ್ತೆಯ ಕಡೆಯಿಂದ, ಕುರ್ಚಿ ಹಾಕಿಸಿಕೊಂಡು ಕೂರುವ ಅತಿಥಿಯಾಗಿ.

"ಮಾವ, ಅವನು ಏಳನೇ ಮೆಟ್ಟಿಲು ದಾಟಿದ."

"ನಾನು ಬಿದ್ದೆ. ಅದಕ್ಕೇನೀಗ?"

"ನೀವು ಬಿದ್ರಿ, ಯಾಕಂದ್ರೆ ನಿಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೋರು ಎಲ್ರೂ ಬೀಳ್ತಾರೆ. ಅವನಿಗೆ ಗೊತ್ತಿತ್ತು."

ದಫೇದಾರರು ನಿಟ್ಟುಸಿರು ಬಿಟ್ಟರು. "ನೋಡಮ್ಮ, ಕಾಲು ಉದ್ದ ಇದೆ, ದಾಟಿದ. ಕಾಲು ಉದ್ದ ಇರೋರನ್ನೆಲ್ಲ ಒಳಗೆ ಹಾಕೋದಾದ್ರೆ ಮೊದಲು ಸಿಗೋನೇ ನಿನ್ನ ತಮ್ಮ."

ಅದೂ ನಿಜವೇ. ತಮ್ಮನನ್ನು ಗಲ್ಲಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮಂಡಿಯಿಂದ ಕೆಳಗೆ ಮುಗಿಯುವುದೇ ಇಲ್ಲವೇನೋ ಎಂಬಂಥ ಕಾಲು ಅವನದು. ಹತ್ತನೆಯ ವಯಸ್ಸಿಗೇ 'ಕೊಕ್ಕರೆ' ಆದವನು ಇಪ್ಪತ್ತಾರರಲ್ಲೂ ಕೊಕ್ಕರೆಯೇ. ಅವಳ ನಡಿಗೆಗಳಲ್ಲಿ ಅವನು ಕೊನೆಯಲ್ಲಿ ಬರುತ್ತಿದ್ದ, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳಲು. ಅವತ್ತು ಟೋಪಿ ಯಜಮಾನರು ನೀರು ಕೇಳಿದರಂತೆ, ಇವನು ತರಲು ಹೋದನಂತೆ, ಬರುವಷ್ಟರಲ್ಲಿ ಅವರಿರಲಿಲ್ಲವಂತೆ. ಕೈಗಡಿಯಾರ ತನ್ನ ದಿಂಬಿನ ಕೆಳಗೆ ಹೇಗೆ ಬಂತೋ ಗೊತ್ತಿಲ್ಲವಂತೆ. ಬೆಳಿಗ್ಗೆ ಸರಳುಗಳ ಆಚೆಯಿಂದ ಮತ್ತೆ ಅದನ್ನೇ ಹೇಳಿದ್ದ. ಬೆಂಚಿನ ಮೇಲೆ ಕೂತಿದ್ದ ಮಗರಾಯನನ್ನು ತೋರಿಸಿ ಅವಳು ಕೇಳಿದಾಗ, "ಅಕ್ಕ, ನಿನ್ನಾಣೆ, ಆ ಮನುಷ್ಯನ್ನ ನಾನು ನೋಡಿದ್ದೇ ಇಲ್ಲ," ಎಂದಿದ್ದ.

ನಂಬಿದ್ದಳು. ಅಮ್ಮ ಹೋದ ಮೇಲೆ ತುತ್ತು ಇಟ್ಟು ಬೆಳೆಸಿದ ಮಗುವನ್ನು ನಂಬದೆ ಇನ್ಯಾರನ್ನು ನಂಬುವುದು?

"ಐದರ ಒಳಗೆ ಕಣ್ಣಿಗೆ ಕಾಣೋ ಅಂಥದ್ದು, ಕೈಗೆ ಸಿಗೋ ಅಂಥದ್ದು ಏನಾದ್ರೂ ಕೊಡು," ಎಂದರು ದಫೇದಾರರು ತಗ್ಗಿದ ದನಿಯಲ್ಲಿ. "ಆ ಕ್ಷಣವೇ ಸಾಹೇಬ್ರಿಗೆ ಫೋನ್ ಮಾಡ್ತೀನಿ. ಮೆಟ್ಟಿಲು, ಗಿಟ್ಟಿಲು ಅಂದ್ರೆ ನನಗೇ ಬೈತಾರೆ."

ಪೆಟ್ಟಿಗೆ ಮಾಡುವವರ ಓಣಿ ಬಂತು. ರಟ್ಟು, ಗೋಂದು, ಕತ್ತರಿ. ಮನೆ ಮನೆಯ ಹೊಸ್ತಿಲಲ್ಲೂ ಬೂಟಿನ ಖಾಲಿ ಪೆಟ್ಟಿಗೆಗಳ ಗೋಪುರ. ಇವರು ಮಾಡುವ ಪೆಟ್ಟಿಗೆ ದೊಡ್ಡ ರಸ್ತೆಯ ಗಾಜಿನ ಅಂಗಡಿಗಳಿಗೆ ಹೋಗುತ್ತದೆ. ಒಳಗಿನ ಬೂಟನ್ನು ಇವರು ಯಾರೂ ಕಂಡವರಲ್ಲ. ಬೇರೆ ದಿನವಾಗಿದ್ದರೆ ಗೈಡಕ್ಕ ಇಲ್ಲಿ ಕಾಲು ಗಂಟೆ ನಿಲ್ಲುತ್ತಿದ್ದಳು. ಅರಮನೆ, ಗೋಪುರ ತೋರಿಸಿ ಎಂದವರಿಗೆ, "ಅವು ಎಲ್ಲಿಗೂ ಓಡಿಹೋಗಲ್ಲ, ನೀವೇ ನೋಡ್ಕೊಳ್ಳಿ, ನಾನು ಕೆಲಸ ಮಾಡೋ ಊರನ್ನ ತೋರಿಸ್ತೀನಿ," ಎನ್ನುವುದು ಅವಳ ರೂಢಿ. ಇವತ್ತು ಅವಳ ಕಣ್ಣು ಓಣಿಯ ಮೇಲಿರಲಿಲ್ಲ. ಮಗರಾಯನ ಕೈ ಮೇಲಿತ್ತು.

ಆ ಕೈ ಜೇಬಿಗೆ ಹೋಯಿತು. ಕರವಸ್ತ್ರ ತೆಗೆಯಿತು. ಮೂಗು ಬಾಯಿ ಎರಡನ್ನೂ ಮುಚ್ಚಿತು.

ಮುಂದಿನ ತಿರುವಿನಾಚೆ ಹಲ್ಲು ಕಟ್ಟುವವರ ಸಂದಿ. ಅಲ್ಲಿ ಕಟ್ಟುಹಲ್ಲಿನ ಪುಡಿ ಬೇಯಿಸುವ ಘಾಟು ಹೌದು, ಮೂಗಿಗೆ ಬಡಿಯುತ್ತದೆ. ಆದರೆ ತಿರುವು ಇನ್ನೂ ಬಂದಿರಲಿಲ್ಲ, ಘಾಟೂ ಬಂದಿರಲಿಲ್ಲ. ಕರವಸ್ತ್ರ ಮಾತ್ರ ಬಂದಿತ್ತು.

"ಇನ್ನು ಹಲ್ಲಜ್ಜನ ಅಂಗಡಿ," ಎಂದಳು ಗೈಡಕ್ಕ. "ನಿಮ್ಮ ತಂದೆ ತಮ್ಮ ಕಟ್ಟುಹಲ್ಲು ಸಡಿಲ ಆಗಿದೆ ಅಂತ ಬಿಗಿ ಮಾಡಿಸ್ಕೊಂಡ್ರು. ಅಲ್ಲೇ ನಾವೆಲ್ಲ ಅವರನ್ನ ಕೊನೇ ಸಲ ಒಟ್ಟಿಗೆ ನೋಡಿದ್ದು."

"ಅದು ಬೇಡ. ತೊಟ್ಟಿ ಹತ್ರ ಹೋಗೋಣ." ಕರವಸ್ತ್ರದ ಒಳಗಿನಿಂದ ಮಾತು ಬಂತು.

"ಅಪ್ಪ ನಡೆದ ದಾರೀಲೇ ನಡೀಬೇಕು ಅಂದ್ರಿ."

"ವಾಸನೆ ಆಗಲ್ಲ ನನಗೆ."

"ಯಾವ ವಾಸನೆ?" ದಫೇದಾರರು ಗಾಳಿಯನ್ನು ಮೂಸಿ ನೋಡಿದರು. ರಟ್ಟಿನ ಗೋಂದು ಬಿಟ್ಟು ಇನ್ನೇನೂ ಸಿಗಲಿಲ್ಲ. ಅವರು ಮಗರಾಯನನ್ನು ಒಂದು ಸಲ ನೋಡಿ, "ಬನ್ನಿ ಸಾರ್, ಎರಡು ನಿಮಿಷ," ಎಂದು ಅವನ ಬೆನ್ನ ಮೇಲೆ ಕೈ ಇಟ್ಟರು. ಪೊಲೀಸರ ಆ ಮೆತ್ತನೆಯ ಕೈಯನ್ನು ತಳ್ಳುವುದು ಅಷ್ಟು ಸುಲಭವಲ್ಲ.

ಹಲ್ಲಜ್ಜನ ಅಂಗಡಿ ಎಂದರೆ ಒಂದು ಮಂಚ ಹಾಕಿದರೆ ಮುಗಿಯುವಷ್ಟು ಕೋಣೆ. ಮೂರು ಗೋಡೆಗೂ ನೆಲದಿಂದ ಸೂರಿನ ತನಕ ಕಪಾಟು, ಕಪಾಟಿನ ತುಂಬ ಬಾಯಿಗಳು. ಪ್ಲಾಸ್ಟರಿನಲ್ಲಿ ತೆಗೆದ ಬಿಳಿ ಅಚ್ಚುಗಳು: ಹಲ್ಲಿದ್ದವು, ಹಲ್ಲಿಲ್ಲದವು, ಒಂದೊಂದು ಬಿಟ್ಟು ಒಂದೊಂದು ಉಳಿದವು. ಮೊದಲ ಸಲ ಬಂದವರಿಗೆ ಊರಿಗೂರೇ ತಮ್ಮನ್ನು ನೋಡಿ ನಗುತ್ತಿದೆ ಎನಿಸುತ್ತದೆ. ಸಣ್ಣ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಮೇಜಿನ ಮೇಲೆ ಒಂದೇ ಒಂದು ಬಲವಾದ ದೀಪ, ಅದರ ಕೆಳಗೆ ಬಗ್ಗಿದ ಹಲ್ಲಜ್ಜ.

ಎಪ್ಪತ್ತು ದಾಟಿದ ಅಜ್ಜ. ಊರಿಗೆಲ್ಲ ಹಲ್ಲು ಕಟ್ಟಿ ಕೊಟ್ಟ ಅವನ ಬಾಯಲ್ಲಿ ಒಂದೂ ಹಲ್ಲಿಲ್ಲ. ಕೇಳಿದರೆ, "ನಾನೇ ಕಟ್ಕೊಂಡ್ರೆ ತಪ್ಪು ಕಾಣುತ್ತೆ, ಬೇರೆಯವರು ಕಟ್ಟಿದ್ರೆ ಸಿಟ್ಟು ಬರುತ್ತೆ," ಎನ್ನುತ್ತಾನೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಐವತ್ತು ವರ್ಷ ಕಳೆದದ್ದರಿಂದ ಗೇಣುದ್ದದ ಆಚೆಗಿನ ಪ್ರಪಂಚ ಅವನಿಗೆ ಮಸುಕು. ಮುಖ ಅವನಿಗೆ ನೆನಪೇ ಉಳಿಯುವುದಿಲ್ಲ. ಸ್ವಂತ ಅಳಿಯ ಅಂಗಡಿಗೆ ಬಂದರೆ, "ಯಾರಪ್ಪಾ, ಏನಾಗಬೇಕಿತ್ತು?" ಎಂದು ಕೇಳಿ, ಅವನು ಆಕಳಿಸಿದ ಮೇಲೆ, "ಓ, ನೀನಾ," ಎಂದದ್ದು ಗಲ್ಲಿಗೆಲ್ಲ ಗೊತ್ತಿರುವ ಕತೆ.

ಮಗರಾಯನಿಗೂ ಆ ಕತೆ ಗೊತ್ತಿದೆಯೇ? ಬಾಗಿಲಲ್ಲೇ ನಿಂತ ಅವನು ಅಜ್ಜನನ್ನು ನೋಡಿದ ರೀತಿ ಹಾಗಿತ್ತು. ಅಜ್ಜ ಅವನ ಮುಖವನ್ನೇ ದಿಟ್ಟಿಸಿ, ಏನೂ ಗುರುತು ಹತ್ತದೆ ಮತ್ತೆ ಕೆಲಸಕ್ಕೆ ಬಗ್ಗಿದಾಗ ಅವನ ಭುಜ ಒಂದಂಗುಲ ಕೆಳಗಿಳಿಯಿತು. ಅದನ್ನು ಗೈಡಕ್ಕ ಕಂಡಳು. ಹದಿನಾಲ್ಕು ವರ್ಷ ಜನರನ್ನು ನಡೆಸಿಕೊಂಡು ಹೋದವಳಿಗೆ ಯಾರಿಗೆ ಯಾವಾಗ ಹೆದರಿಕೆ, ಯಾವಾಗ ನಿರಾಳ ಎಂಬುದು ಬೆನ್ನಿನಿಂದಲೇ ಗೊತ್ತಾಗುತ್ತದೆ.

ಹಾಗಾದರೆ ಇವನು ಈ ಅಂಗಡಿಗೆ ಮುಂಚೆಯೇ ಬಂದಿದ್ದಾನೆ.

ಬಂದಿದ್ದರೆ ಬಾಯಿ ತೆರೆದಿದ್ದಾನೆ. ಬಾಯಿ ತೆರೆದಿದ್ದರೆ ಅಜ್ಜನಿಗೆ ನೆನಪಿರುತ್ತದೆ. ಆದರೆ ಇವನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಾನೆ.

"ಟೀ ತರಿಸ್ಲಾ?"

ಅವನು ತಲೆ ಅಲ್ಲಾಡಿಸಿದ, ಬೇಡ.

"ನೀರು?"

ಬೇಡ.

"ಅಜ್ಜ, ಆ ಅಣ್ಣ ತಮ್ಮಂದಿರ ಕತೆ ಹೇಳಿ. ಪೊಲೀಸ್ ಮಾವ ಕೇಳಿಲ್ಲ."

ಅಜ್ಜನಿಗೆ ಅಷ್ಟೇ ಬೇಕಿತ್ತು. "ಇಬ್ರು ಅಣ್ಣ ತಮ್ಮ, ಮಧ್ಯೆ ಒಂದೇ ಸೆಟ್ಟು ಹಲ್ಲು. ಮದುವೆಗೆ ಹೋದ್ರೆ ಅಣ್ಣ ಹಾಕ್ಕೊಂಡು ಉಂಡು ಬಂದು ತಮ್ಮಂಗೆ ಕೊಡೋನು. ತಮ್ಮ ಓಡೋನು, ಎರಡನೇ ಪಂಕ್ತಿಗೆ. ಒಂದು ಸಲ ಅಣ್ಣ ಪಾಯಸಕ್ಕೆ ಇನ್ನೊಂದು ಸಲ ಕೂತ್ಬಿಟ್ಟ. ಅವತ್ತಿಂದ ಮಾತಿಲ್ಲ. ಆಸ್ತಿ ಭಾಗ ಆದಾಗ ಕೋರ್ಟಲ್ಲಿ ಕೇಳಿದ್ರಂತೆ, ಜಗಳ ಯಾವುದಕ್ಕೆ ಅಂತ. ಇಬ್ರೂ ಬಾಯಿ ತೆಗೆದು ತೋರ್ಸಿದ್ರಂತೆ."

ದಫೇದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜ ಬೊಚ್ಚುಬಾಯಲ್ಲಿ ನಕ್ಕ. ಮಗರಾಯ ಕಣ್ಣು ಮಾತ್ರ ಕಿರಿದು ಮಾಡಿದ.

ಗಂಟೆ ನಾಲ್ಕೂ ಇಪ್ಪತ್ತು. ಠಾಣೆಯ ಅಂಗಳದಲ್ಲಿ ಈ ಹೊತ್ತಿಗೆ ವ್ಯಾನಿನ ಬಾಗಿಲು ತೆರೆದಿರುತ್ತಾರೆ.

ಗೈಡಕ್ಕ ಗೋಡೆ ಬದಿಯ ಸ್ಟೂಲನ್ನು ದೀಪದ ಹತ್ತಿರಕ್ಕೆ ಎಳೆದಳು. "ನಿಮ್ಮ ತಂದೆ ಇಲ್ಲಿ ಕೂತಿದ್ರು. ನಿಮ್ಮ ವಿಷಯ ಮಾತಾಡಿದ್ರು."

ಹಸಿ ಸುಳ್ಳು. ಟೋಪಿ ಯಜಮಾನರು ಆ ಸ್ಟೂಲಿನ ಮೇಲೆ ಕೂತು ಮಾತಾಡಿದ್ದು ತಮ್ಮ ಮಂಡಿನೋವಿನ ಬಗ್ಗೆ. ಗೈಡಕ್ಕ ಪ್ರವಾಸಿಗಳಿಗೆ ಎಂದೂ ಸುಳ್ಳು ಹೇಳಿದವಳಲ್ಲ. ಇದ್ದದ್ದಕ್ಕೆ ಒಗ್ಗರಣೆ ಹಾಕಿದ್ದುಂಟು, ಅಷ್ಟೇ. ಇವತ್ತು ಒಗ್ಗರಣೆಯೇ ಊಟವಾಗಬೇಕಿತ್ತು.

ಮಗರಾಯನ ಹುಬ್ಬು ಮೇಲೆದ್ದಿತು.

"ಒಬ್ಬ ಮಗ ಇದ್ದಾನೆ ಅಂದ್ರು. ಇದ್ದೂ ಇಲ್ಲದ ಹಾಗೆ ಅಂದ್ರು."

ಅವನು ದಫೇದಾರರ ಕಡೆ ನೋಡಿದ. ದಫೇದಾರರು ಕಪಾಟಿನ ಕಡೆ ನೋಡುತ್ತಿದ್ದರು.

"ಅವನ ಕೈಯಿಂದ ಒಂದು ಲೋಟ ನೀರು ಕುಡಿಯೋಕೂ ಹೆದರಿಕೆ ಅಂದ್ರು. ಅದಕ್ಕೇ ಅವತ್ತು ನನ್ನ ತಮ್ಮನ್ನ ನೀರು ಕೇಳಿದ್ದು ಅನ್ಸುತ್ತೆ, ಪಾಪ."

ಕರವಸ್ತ್ರ ಹಿಡಿದ ಮುಷ್ಟಿ ಬಿಗಿಯಾಯಿತು. ಇನ್ನೊಂದು ಸಾಕು ಎಂದು ಅವಳಿಗೆ ಗೊತ್ತಾಯಿತು. ಸತ್ತವರ ಬಾಯಲ್ಲಿ ಮಾತು ತುರುಕುವುದು ಪಾಪ. ಇದ್ದವನನ್ನು ಉಳಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ.

"ಕೊನೆಗೆ ಏನಂದ್ರು ಗೊತ್ತಾ? ನಾನು ಸತ್ರೆ ಅವನು ಅಳ್ತಾನೆ, ಚೆನ್ನಾಗೇ ಅಳ್ತಾನೆ, ಅಷ್ಟೊಂದು ಚೆನ್ನಾಗಿ ಅಳೋದನ್ನ ಹುಟ್ಟಿದಾಗಿಂದ ಅಭ್ಯಾಸ ಮಾಡಿದ್ದಾನೆ, ಅಂದ್ರು."

"ಅವನೇನ್ ಮಹಾ ಕಡಿದು ಕಟ್ಟೆ ಹಾಕಿದ್ದ ನನಗೆ?"

ಮಾತು ಸಿಡಿದು ಹೊರಬಂದಿತ್ತು. ಅಪ್ಪ ಏಕವಚನವಾಗಿದ್ದ. ಕರವಸ್ತ್ರ ಕೆಳಗಿತ್ತು, ಅವನು ಬಾಗಿಲು ಬಿಟ್ಟು ದೀಪದ ಹತ್ತಿರಕ್ಕೆ ನುಗ್ಗಿದ್ದ. "ಹುಟ್ಟಿಸಿದ್ದು ಬಿಟ್ರೆ ಇನ್ನೇನು ಮಾಡಿದ್ದ? ನಲವತ್ತು ವರ್ಷ ಒಂದು ಒಳ್ಳೆ ಮಾತಿಲ್ಲ, ಊರೋರ ಮುಂದೆ ಹೀಗೆ ಆಡ್ಕೋತಾನೆ..."

ದೀಪದ ಬೆಳಕು ನೇರವಾಗಿ ಅವನ ತೆರೆದ ಬಾಯಿಗೆ ಬಿದ್ದಿತ್ತು.

ಹಲ್ಲಜ್ಜ ತಲೆ ಎತ್ತಿದ. ಭೂತಗನ್ನಡಿಯ ಕಣ್ಣು ಒಂದು ಗೇಣು ಮುಂದೆ ಬಂತು. ಮುಖದಲ್ಲಿ ಹಳೆಯ ನೆಂಟರನ್ನು ಕಂಡ ಸಂತೋಷ.

"ಓ, ನೀವಾ," ಎಂದ. "ಹೆಂಗಿದೆ ನಮ್ಮ ಕೋರೆಹಲ್ಲು?"

ಮಗರಾಯನ ಬಾಯಿ ಪಟ್ಟನೆ ಮುಚ್ಚಿಕೊಂಡಿತು.

"ಯಾವ ಕೋರೆಹಲ್ಲು ಅಜ್ಜ?" ಎಂದರು ದಫೇದಾರರು. ಅವರ ದನಿಯಿಂದ ಮಾವ ಹೊರಟುಹೋಗಿ ದಫೇದಾರ ಬಂದಿದ್ದ.

"ಮೇಲೆ, ಎಡಗಡೆ. ಅದು ನಂದೇ ಕೆಲಸ."

"ಮುದುಕನಿಗೆ ಕಣ್ಣು ಕಾಣಲ್ಲ," ಎಂದ ಮಗರಾಯ, ತುಟಿಗಳ ನಡುವಿನಿಂದ. "ಯಾರದೋ ಬಾಯಿ ಅಂದ್ಕೊಂಡು ಏನೋ ಹೇಳ್ತಾ ಇದ್ದಾನೆ. ನನ್ನ ಹಲ್ಲು ನಮ್ಮೂರಲ್ಲಿ ಕಟ್ಟಿಸಿದ್ದು."

ಅಜ್ಜನಿಗೆ ಅವಮಾನವಾಯಿತು. ಕಣ್ಣು ಕಾಣುವುದಿಲ್ಲ ಎಂದದ್ದಕ್ಕಲ್ಲ. ಕೆಲಸ ಬೇರೆಯವರದು ಎಂದದ್ದಕ್ಕೆ.

"ನಿಮ್ಮೂರಲ್ಲಿ ಹಲ್ಲು ಕಟ್ಟೋರು ಹೊಸ ಹಲ್ಲನ್ನ ಬೆಳ್ಳಗೆ ಮಾಡ್ತಾರೆ ಸ್ವಾಮಿ. ಎಲ್ರೂ ಹಂಗೇ ಮಾಡೋದು. ಬಾಯಿ ತೆಗೆದ್ರೆ ಹಳೇ ಗೋಡೆಗೆ ಹೊಸ ಕಿಟಕಿ ಇಟ್ಟಂಗೆ ಕಾಣುತ್ತೆ. ನಾನು ಹಲ್ಲನ್ನ ಮುದಿ ಮಾಡ್ತೀನಿ. ಪಕ್ಕದ ಹಲ್ಲು ನೋಡ್ಕೊಂಡು, ಬುಡಕ್ಕೆ ಒಂದು ಚೂರು ಕಂದು ಬಣ್ಣ, ಮೇಲಿಂದ ಕೆಳಕ್ಕೆ ಕೂದಲೆಳೆಯಷ್ಟು ಬಿರುಕು. ಆ ಬಿರುಕು ಎಳೆಯೋಕೆ ಅರ್ಧ ದಿನ ಹಿಡೀತು ನಂಗೆ. ನೀವು ಕನ್ನಡಿ ನೋಡ್ಕೊಂಡು, ಇದು ನಂದೇ ಹಲ್ಲು ಅನ್ಸುತ್ತೆ ಅಂದ್ರಿ. ಆ ಮಾತು ನಂಗೆ ಮರೆಯುತ್ತಾ?"

ಅಷ್ಟು ಹೇಳಿ ಅವನು ಸ್ಟೂಲು ಹತ್ತಿ, ಮೇಲಿನಿಂದ ಮೂರನೆಯ ಸಾಲಿನಲ್ಲಿ ಕೈಯಾಡಿಸಿದ. ಒಂದನ್ನು ತೆಗೆದ, ಬೆರಳಿನಿಂದ ಸವರಿ ಇದಲ್ಲ ಎಂದು ಇಟ್ಟ. ಇನ್ನೊಂದನ್ನೂ ಹಾಗೇ ಇಟ್ಟ. ಮೂರನೆಯದನ್ನು ಗೈಡಕ್ಕನ ಕೈಗೆ ಕೊಟ್ಟ.

"ನೋಡು ತಾಯಿ. ಕೋರೆಹಲ್ಲು ಇರೋ ಕಡೆ ಖಾಲಿ. ಅದರ ಪಕ್ಕದ್ದು ಸ್ವಲ್ಪ ಒಳಕ್ಕೆ ತಿರುಗಿದೆ. ಮುಂದಿನ ಹಲ್ಲಿನ ಮೂಲೆ ಅಕ್ಕಿಕಾಳಷ್ಟು ಮುರಿದಿದೆ. ಈಗ ಅವರ ಬಾಯಿ ನೋಡು."

ಮಗರಾಯ ಬಾಗಿಲ ಕಡೆ ತಿರುಗಿದ. ಬಾಗಿಲಿನ ಅಗಲಕ್ಕೆ ಸರಿಯಾಗಿ ದಫೇದಾರರು ನಿಂತಿದ್ದರು.

"ಬಾಯಿ ತೆಗೀರಿ ಸಾರ್."

"ಯಾವ ಕಾನೂನಿನ ಪ್ರಕಾರ?"

"ಕಾನೂನು ಠಾಣೇಲಿದೆ. ಇಲ್ಲಿ ನಾನಿದ್ದೀನಿ."

ಅವನು ತೆಗೆಯಲಿಲ್ಲ. ತೆಗೆಯಬೇಕಾಗಿಯೂ ಇರಲಿಲ್ಲ. ಸಿಟ್ಟಿನಲ್ಲಿ ಮೇಲ್ದುಟಿ ತಾನಾಗಿ ಹಿಂದೆ ಸರಿದಿತ್ತು. ಅಕ್ಕಿಕಾಳಷ್ಟು ಮುರಿದ ಮೂಲೆ ದೀಪದಡಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ದಫೇದಾರರು ಫೋನ್ ತೆಗೆದರು. "ಸಾರ್, ನಾನು. ವ್ಯಾನ್ ಹೊರಟಿಲ್ಲ ತಾನೆ? ಹತ್ತು ನಿಮಿಷ ತಡೀರಿ ಸಾರ್. ಮಗ ಅನ್ನೋನು ಈ ಊರಿಗೆ ಬಂದೇ ಇಲ್ಲ ಅಂದಿದ್ದು ಸುಳ್ಳು. ಸಾಕ್ಷಿ ಇದೆ, ಕೈಯಲ್ಲೇ ಇದೆ."

ಗೈಡಕ್ಕನಿಗೆ ಅಳು ಬಂತು. ತಡೆಯಲು ಹೋಗಲಿಲ್ಲ. ಒಂಬತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆಯನ್ನು ಯಾರೋ ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಇವತ್ತು ರಾತ್ರಿ ಕೊಕ್ಕರೆ ಮನೆಗೆ ಬರುತ್ತಾನೆ. ಬಿಸಿನೀರು ಕಾಯಿಸಬೇಕು. ಠಾಣೆಯ ಕಂಬಳಿಯ ವಾಸನೆ ಹೋಗುವ ತನಕ ತಲೆ ತಿಕ್ಕಬೇಕು. ನಾಲ್ಕು ಮಾತು ಬೈಯಬೇಕು, ಆಮೇಲೆ ಅನ್ನ ಬಡಿಸಬೇಕು. ಅಚ್ಚನ್ನು ಅವಳು ಎರಡೂ ಕೈಯಲ್ಲಿ ಮಗುವಿನ ಹಾಗೆ ಹಿಡಿದುಕೊಂಡಿದ್ದಳು.

"ಯಾವತ್ತು ಮಾಡಿದ್ದು ಅಂತ ಕೇಳ್ತಿದ್ದಾರೆ ಸಾಹೇಬ್ರು," ಎಂದರು ದಫೇದಾರರು, ಫೋನ್ ಕಿವಿಯಿಂದ ತೆಗೆಯದೆ. "ಅಜ್ಜ, ಹೇಳಿ, ಯಾವತ್ತು? ಇವರ ಹೆಸರು ಬರ್ಕೊಂಡಿದ್ದೀರಾ?"

"ಹೆಸರು ನಾನು ಕೇಳಲ್ಲ," ಎಂದ ಅಜ್ಜ. "ಇಲ್ಲಿಗೆ ಬರೋರು ಯಾವ ಹೆಸರು ಬೇಕಾದ್ರೂ ಹೇಳ್ಕೋತಾರೆ. ಯಾರು ಕರ್ಕೊಂಡು ಬಂದ್ರು ಅಂತ ಕೇಳ್ತೀನಿ. ನಮ್ಮ ಗಲ್ಲಿಯೋರು ಯಾರಾದ್ರೂ ಜೊತೆಗೆ ಬಂದ್ರೆ ಮಾತ್ರ ಬಾಯಿಗೆ ಕೈ ಹಾಕೋದು. ತಾರೀಕು, ಕರ್ಕೊಂಡು ಬಂದೋರು, ಎರಡೂ ಅಚ್ಚಿನ ಅಡೀಲಿರುತ್ತೆ. ನಂಗೆ ನೆನಪಿಲ್ಲ, ನೀವೇ ತಿರುಗಿಸಿ ನೋಡ್ಕೊಳ್ಳಿ."

"ತಿರುಗಿಸಬೇಡಿ, ಅಕ್ಕ."

ಮಗರಾಯ ಹೇಳಿದ್ದು ಮೆಲ್ಲಗೆ. ಇಷ್ಟು ಹೊತ್ತೂ ಮೇಡಂ ಎನ್ನುತ್ತಿದ್ದವನು ಈಗ ಅಕ್ಕ ಎಂದಿದ್ದ. ಸಿಟ್ಟು ಇಳಿದು, ಅವನ ಮುಖದಲ್ಲಿ ಏನೋ ಕನಿಕರದಂಥದ್ದು ಬಂದಿತ್ತು.

"ಹೆದರಿಸ್ತೀಯಾ?" ಎಂದಳು ಗೈಡಕ್ಕ. ಬಹುವಚನ ಬಿಟ್ಟಿದ್ದಳು.

"ಇಲ್ಲ. ನಿಮ್ಮ ಒಳ್ಳೇದಕ್ಕೆ ಹೇಳ್ತಿದ್ದೀನಿ."

ಅವಳು ತಿರುಗಿಸಿದಳು.

ಅಚ್ಚಿನ ಅಡಿ ಅಂಗೈಯಗಲದ ಸಪಾಟು ಬಿಳುಪು. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಂತೆ ಕಪ್ಪಾದ ಎರಡು ಸಾಲು, ಅಜ್ಜನ ದುಂಡು ಅಕ್ಷರ. ಮೊದಲ ಸಾಲಿನಲ್ಲಿ ನಾಲ್ಕು ತಿಂಗಳ ಹಿಂದಿನ ತಾರೀಕು. ಎರಡನೆಯ ಸಾಲಿನಲ್ಲಿ ಎರಡೇ ಪದ.

'ಕೊಕ್ಕರೆ ಜೊತೆ.'

ಅವಳು ಮತ್ತೊಮ್ಮೆ ಓದಿದಳು. ಗಲ್ಲಿಯಲ್ಲಿ ಇನ್ನೊಬ್ಬ ಕೊಕ್ಕರೆ ಇಲ್ಲ.

ಸುಳ್ಳು ಹೇಳಿದ್ದ. ತಮ್ಮ ಅವಳ ಮೇಲೆ ಆಣೆ ಇಟ್ಟು, ಸರಳು ಹಿಡಿದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದ. ಈ ಮನುಷ್ಯನನ್ನು ಕೈ ಹಿಡಿದು ಏಳನೆಯ ಮೆಟ್ಟಿಲು ದಾಟಿಸಿ ಕರೆದುಕೊಂಡು ಬಂದವನೇ ಅವನು. ಇವನು ಯಾಕೆ ಬಂದ, ತಮ್ಮ ಯಾಕೆ ಮುಚ್ಚಿಟ್ಟ, ಆ ಗಡಿಯಾರ ನಿಜಕ್ಕೂ ತಾನಾಗಿ ಬಂದು ದಿಂಬಿನ ಕೆಳಗೆ ಕೂತಿತೇ? ಸಿಟ್ಟು ಬರಬೇಕಿತ್ತು, ಬಂದದ್ದು ಬರೀ ಹೆದರಿಕೆ.

"ಓದಮ್ಮ," ಎಂದರು ದಫೇದಾರರು. ಫೋನನ್ನು ಅವಳ ಮುಂದೆ ಚಾಚಿದ್ದರು. "ಜೋರಾಗಿ ಓದು, ಸಾಹೇಬ್ರು ಕೇಳಿಸ್ಕೋತಿದ್ದಾರೆ."

ಅವಳು ತಾರೀಕು ಓದಿದಳು. ದನಿ ಗಟ್ಟಿಯಾಗಿಯೇ ಬಂತು.

"ನಾಲ್ಕು ತಿಂಗಳ ಹಿಂದೆ, ಸಾರ್," ಎಂದರು ದಫೇದಾರರು ಫೋನಿಗೆ, ಖುಷಿಯಾಗಿ. "ಹೂಂ. ಹೂಂ ಸಾರ್. ಹೌದು, ಅಷ್ಟು ಸಾಕು ವ್ಯಾನ್ ನಿಲ್ಸೋಕೆ. ಆಮೇಲೇನಿದೆಯಮ್ಮ? ಯಾರು ಕರ್ಕೊಂಡು ಬಂದಿದ್ದು?"

ಅಷ್ಟು ಸಾಕು ಎಂದಿದ್ದರು. ತಾರೀಕೊಂದೇ ಸಾಕು. ಎರಡನೆಯ ಸಾಲು ಇಲ್ಲದಿದ್ದರೂ ತಮ್ಮ ಮನೆಗೆ ಬರುತ್ತಾನೆ. ಇದ್ದರೆ ಬರುವುದಿಲ್ಲ.

ಅವಳ ಹೆಬ್ಬೆರಳು ತಾನಾಗಿ ಆ ಸಾಲಿನ ಮೇಲೆ ಹೋಗಿ ಉಜ್ಜಿತು. ಕಪ್ಪು ಬೆರಳಿಗೆ ಅಂಟಿತು. ಮತ್ತೆ ಉಜ್ಜಿದಳು.

"ಇದು..." ಎಂದಳು. "ಇದು ಸವೆದುಹೋಗಿದೆ ಮಾವ. ಓದೋಕಾಗ್ತಿಲ್ಲ."

ಮಗರಾಯ ನೆಲ ನೋಡಿದ. ಅವನ ತುಟಿ ಬಿಗಿಯಾಗಿತ್ತು. ಅವನೂ ಹೇಳುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಇಬ್ಬರಿಗೂ ಬೇಡದ ಒಂದು ಹೆಸರು. ತಾನು ಯಾರ ಪಕ್ಕದಲ್ಲಿ ನಿಂತುಬಿಟ್ಟೆ ಎಂಬುದು ಅವಳಿಗೆ ಆಗ ಹೊಳೆಯಿತು.

"ಸವೆದುಹೋಗುತ್ತಾ?" ಹಲ್ಲಜ್ಜ ಹತ್ತಿರ ಬಂದ. ಅವನ ಮುಖದಲ್ಲಿ ಕಪಟ ಎಂಬುದಿರಲಿಲ್ಲ, ಕೆಲಸಗಾರನ ಹೆಮ್ಮೆ ಮಾತ್ರ ಇತ್ತು. "ಎಲ್ಲಿ ಸವೆಯುತ್ತೆ ತಾಯಿ? ಪ್ಲಾಸ್ಟರು ಹಸಿ ಇರೋವಾಗ್ಲೇ ಚಾಕೂಲಿ ಕೆತ್ತಿರ್ತೀನಿ. ಪೆನ್ಸಿಲಿನ ಪುಡಿ ಸುಮ್ನೆ ಮೇಲಿಂದ ತುಂಬೋದು. ನೀನು ಉಜ್ಜಿದಷ್ಟೂ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತೆ, ನೋಡು."

ದಫೇದಾರರು ಫೋನನ್ನು ಕಿವಿಯಿಂದ ಕೆಳಗಿಳಿಸಿದರು. ಅವಳ ಕಪ್ಪಾದ ಹೆಬ್ಬೆರಳನ್ನು ನೋಡಿದರು. ಆಮೇಲೆ ಅವಳ ಮುಖವನ್ನು ನೋಡಿದರು. ಫೋನಿನೊಳಗಿಂದ ಸಾಹೇಬರ ದನಿ, "ಹಲೋ, ಹಲೋ," ಎನ್ನುತ್ತಿತ್ತು.

"ಕೊಡಮ್ಮ ಇಲ್ಲಿ," ಎಂದು ಅವರು ಅಚ್ಚಿನ ಇನ್ನೊಂದು ತುದಿ ಹಿಡಿದರು.

ಅವಳು ಬಿಡಲಿಲ್ಲ.